ಹೋಳೂರು ದಿಣ್ಣೆಗೆ ಲೂಕಾ ಬಂದ

ಸುನಂದ: ನಿನ್ನೆ ಸಂಜೇನೇ ಹೋಗೋಣ ಅಂದೆ. ಬೇಡ, ಬೆಳಿಗ್ಗೆ ರೋಡ್ ಖಾಲಿ ಇರುತ್ತೆ ಅಂದ್ರಿ. ಖಾಲೀನೇ ಇದೆ ನೋಡಿ, ಒಂದು ನಾಯೀನೂ ಇಲ್ಲ!

ಮುರಳಿಮೋಹನ್: ಪೊಲೀಸ್ನೋರು ಹಗ್ಗ ಕಟ್ಟಿದ್ರೆ ನಾನೇನೇ ಮಾಡ್ಲಿ? ನನಗೇನು ಕನಸು ಬಿದ್ದಿತ್ತಾ?

(ಶ್ರೀನಿವಾಸಪುರದಲ್ಲಿ ಸುನಂದಳ ಅಣ್ಣ ನರಸಿಂಹಪ್ಪನ ಮಗಳಿಗೆ ಇವತ್ತು ನಿಶ್ಚಿತಾರ್ಥ. ಸೋದರತ್ತೆ ಆರತಿ ಎತ್ತಬೇಕು. ಸೋದರತ್ತೆಯೋ, ಕೋಲಾರದಿಂದ ಹೊರಟು, ಹೋಳೂರು ದಾಟಿ, ದಿಣ್ಣೆಯ ಮೇಲೆ ಹೊಂಗೆ ಮರದ ಕೆಳಗೆ ರೇಷ್ಮೆ ಸೀರೆಯಲ್ಲಿ ನಿಂತಿದ್ದಾಳೆ. ಗಂಡ, ಸರ್ಕಾರಿ ಗುಮಾಸ್ತ, ಸ್ಕೂಟರಿನಿಂದ ಮಡಚಿದ ರಟ್ಟೊಂದನ್ನು ಮೆಲ್ಲಗೆ ಎಳೆಯುತ್ತಿದ್ದಾನೆ.)

ಸುನಂದ: ಏನ್ರೀ ಅದು?

ಮುರಳಿ: ರಟ್ಟು. ಬಿಸಿಲಿಗೆ ಅಡ್ಡ ಹಿಡ್ಕೊಳ್ಳೋಕೆ.

ಸುನಂದ: ಬಿಸಿಲಿಗೆ ಹಿಡಿಯೋ ರಟ್ಟಿನ ಮೇಲೆ 'ಕಮಾನ್ ಲೂಕಾ' ಅಂತ ಯಾಕೆ ಬರ್ದಿದೆ?

(ಮುರಳಿ ರಟ್ಟನ್ನು ಬೆನ್ನ ಹಿಂದೆ ಸರಿಸಿದ.)

ಸುನಂದ: ಕನಸು ಬಿದ್ದಿರ್ಲಿಲ್ಲ. ಬರೀ ಬೋರ್ಡ್ ಬರ್ದಿದ್ರಿ.

ಮುರಳಿ: ಹೂಂ, ಗೊತ್ತಿತ್ತು ಕಣೇ! ಪ್ರೊಫೆಷನಲ್ ಸೈಕಲ್ ರೇಸು! ಇಷ್ಟು ವರ್ಷ ನಾನು ಟೀವೀಲಿ ನೋಡಿದ ಲೂಕಾ ಇವತ್ತು ನನ್ನ ಕಣ್ಮುಂದೆ ಹೋಗ್ತಾನೆ. ನಮ್ಮ ದಿಣ್ಣೆ ಹತ್ತೋಕೆ ಇಟಲಿಯಿಂದ ಬಂದಿದಾನೆ!

ಸುನಂದ: ನಮ್ಮೋರು ದಿನಾ ಹಾಲಿನ ಕ್ಯಾನ್ ಕಟ್ಕೊಂಡು ಹತ್ತುತಾರೆ. ಅವರಿಗೆ ಯಾವತ್ತಾದ್ರೂ ಬೋರ್ಡ್ ಹಿಡಿದಿದ್ದೀರಾ?

(ಎದುರುಗಡೆಯಿಂದ ಬಂದು ಸಿಕ್ಕಿಹಾಕಿಕೊಂಡ ಟೊಮೆಟೊ ಟೆಂಪೋದಿಂದ ವ್ಯಾಪಾರಿ ಹಿದಾಯತುಲ್ಲಾ ಇಳಿದು ಬಂದ.)

ಹಿದಾಯತುಲ್ಲಾ: ಯಾವ ಪಾರ್ಟಿ ರ‍್ಯಾಲಿ ಸಾರ್? ಸೈಕಲ್ ಬರ್ತಾವೆ ಅಂದ್ರು ಪೊಲೀಸ್ನೋರು. ಸೈಕಲ್ ಗುರುತಿನ ಪಾರ್ಟಿ ಆಂಧ್ರದ ಕಡೇದಲ್ವಾ? ಇಲ್ಲೂ ಎಲೆಕ್ಷನ್ ನಿಲ್ತಾರಾ?

ಮುರಳಿ: ರ‍್ಯಾಲಿ ಅಲ್ಲಪ್ಪ, ರೇಸು! ದೊಡ್ಡ ದೊಡ್ಡೋರು ಬರ್ತಾರೆ.

ಹಿದಾಯತುಲ್ಲಾ: ದೊಡ್ಡೋರು ಸೈಕಲ್ಲಲ್ಲಿ ಯಾಕೆ ಬರ್ತಾರೆ ಸಾರ್? ಇನ್ನೊಂದು ಸ್ವಲ್ಪ ಹೊತ್ತು ಹೀಗೇ ನಿಂತ್ರೆ ಮಾರ್ಕೆಟ್ಟಲ್ಲಿ ನಾನು ಟೊಮೆಟೊ ಮಾರಲ್ಲ, ಸಾಸ್ ಮಾರ್ತೀನಿ.

(ಸುನಂದಳ ಫೋನ್ ಬಡಿದುಕೊಂಡಿತು. ಅಣ್ಣ.)

ಸುನಂದ: ಅಣ್ಣಾ, ಹೋಳೂರ ಹತ್ರ ಇದೀವಿ. ನಮ್ಮನೆಯೋರು ಲೂಕಾ ಬರ್ತಾನೆ ಅಂತ ಕಾಯ್ತಾ ನಿಂತವ್ರೆ... ಲೂಕಾ ಅಣ್ಣಾ... ಅಯ್ಯೋ, ಲೋಕಾಯುಕ್ತ ಅಲ್ಲ! ರೈಡೂ ಇಲ್ಲ, ಗೀಡೂ ಇಲ್ಲ!... ಅಳ್ಬೇಡ ಅಂತ ಅತ್ತಿಗೇಗೆ ಹೇಳು!

ಮುರಳಿ: ಕೊಡಿಲ್ಲಿ! ಹಲೋ, ಭಾವ, ರೈಡರ್ ರೀ, ರೈಡರ್!... ಇಲ್ಲ ಇಲ್ಲ, ರೈಡ್ ಮಾಡೋಕೆ ಬರ್ತಿಲ್ಲ, ರೈಡ್ ಮಾಡ್ಕೊಂಡು ಬರ್ತಿದಾನೆ!

ಹಿದಾಯತುಲ್ಲಾ: ಸಾರ್, ನೀವು ಹೇಳೋದು ಕೇಳಿದ್ರೆ ನನಗೂ ಭಯ ಆಗ್ತಿದೆ.

(ಸುನಂದ ಫೋನ್ ಕಿತ್ತುಕೊಂಡು, ಅಣ್ಣನಿಗೆ ತಮ್ಮ ಮನೆಮಾತು ತೆಲುಗಿನಲ್ಲಿ ವಿಷಯ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖ ಸಡಿಲವಾಯಿತು.)

ಸುನಂದ: ಗಂಡಿನ ಕಡೆಯೋರ ವ್ಯಾನೂ ನರಸಾಪುರದಿಂದ ಬಂದು ಕೋಲಾರದಲ್ಲೇ ನಿಂತಿದೆಯಂತೆ. ಅವರು ಬರೋವರೆಗೂ ಏನೂ ಶುರು ಆಗಲ್ವಂತೆ. ನಿಮ್ಮ ಪುಣ್ಯ ಗಟ್ಟಿ. ಇಲ್ದಿದ್ರೆ ಇವತ್ತು ಆರತಿ ಬದಲು ಬೇರೆ ಏನೋ ಎತ್ತುತಿದ್ದೆ.

(ಅಷ್ಟರಲ್ಲಿ ಸೈರನ್. ಪೊಲೀಸ್ ಜೀಪು ಹೋಯಿತು, ಬೈಕುಗಳು ಹೋದವು.)

ಮುರಳಿ: ಬಂದ್ರು! ಬಂದ್ರು ಕಣೇ! ಲೂಕಾ! ಕಮಾನ್ ಲೂಕಾ!

(ಮುರಳಿ ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. ಸೈಕಲ್ಲುಗಳ ಗುಂಪು ಸುಂಯ್ಯನೆ ಬಂತು. ಅದರ ಗಾಳಿಗೆ ಬೋರ್ಡು ಮಡಚಿಕೊಂಡು ಮುರಳಿಯ ಮುಖಕ್ಕೆ ಫಟ್ಟನೆ ಬಡಿದು ಅಲ್ಲೇ ಅಂಟಿ ನಿಂತಿತು. ಅವನು ಅದನ್ನು ಕಿತ್ತು ನೋಡುವಷ್ಟರಲ್ಲಿ ರಸ್ತೆಯಲ್ಲಿ ಬಿಸಿಲು ಮಾತ್ರ ಇತ್ತು.)

ಮುರಳಿ: ಎಲ್ಲಿ?

ಹಿದಾಯತುಲ್ಲಾ: ಹೋದ್ರು.

ಮುರಳಿ: ಲೂಕಾ ಇದ್ನಾ? ಹೇಗಿದ್ದ?

ಹಿದಾಯತುಲ್ಲಾ: ಎಲ್ರೂ ಒಂದೇ ಥರ ಸಾರ್. ಕಪ್ಪು ಕನ್ನಡಕ, ಹೆಲ್ಮೆಟ್ಟು, ಮೊಣಕಾಲು. ಯಾವ ಮೊಣಕಾಲು ನಿಮ್ಮ ಲೂಕಾದು ಅಂತ ಹೇಳ್ಲಿ?

ಸುನಂದ: ತೃಪ್ತಿ ಆಯ್ತಾ? ಟೀವೀಲಾದ್ರೆ ರಿಪೀಟ್ ಹಾಕೋರು.

(ಮುರಳಿ ಮದುವೆಮನೆಯಲ್ಲಿ ಊಟ ಮುಗಿದ ಮೇಲೆ ಬಂದವನ ಹಾಗೆ ಮುಖ ಮಾಡಿಕೊಂಡು ಸ್ಕೂಟರ್ ಹತ್ತಿ ಕೀಲಿ ತಿರುಗಿಸಿದ.)

ಮುರಳಿ: ನಡಿ, ಹೋಗೋಣ.

ಸುನಂದ: ಇರಿ, ಇನ್ಯಾರೋ ಬರ್ತಾವ್ರೆ.

(ದಿಣ್ಣೆಯ ಕೆಳಗಿಂದ ಒಬ್ಬನೇ ಒಬ್ಬ ಹುಡುಗ ತುಳಿದುಕೊಂಡು ಬರುತ್ತಿದ್ದ. ಮೊಣಕೈ ತರಚಿ ರಕ್ತ, ಅಂಗಿ ಹರಿದಿದೆ, ಕನ್ನಡಕ ಎಲ್ಲೋ ಬಿದ್ದುಹೋಗಿದೆ. ಹಿಂದೆಯೇ ಒಂದು ವ್ಯಾನು ತೆವಳುತ್ತಿತ್ತು.)

ಸುನಂದ: ಆ ವ್ಯಾನ್ ಯಾಕೆ?

ಮುರಳಿ: ಕೈಲಾಗಲ್ಲ ಅಂದೋರನ್ನ ಹತ್ತಿಸ್ಕೊಳ್ಳೋಕೆ. ಇವನು ಲಾಸ್ಟು. ನಡಿ.

ಸುನಂದ: ಹತ್ತಿಲ್ವಲ್ಲ ಅವನು!

(ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆಯಂಚಿಗೆ ಹೋದಳು.)

ಸುನಂದ: ಅಂತೇ ನಾಯನಾ, ಅಂತೇ! ಅಷ್ಟೇ ಕಣಪ್ಪಾ, ದಿಣ್ಣೆ ಮುಗೀತು! ತುಳಿಯಪ್ಪಾ!

(ಹಿದಾಯತುಲ್ಲಾ ಶಿಳ್ಳೆ ಹೊಡೆದ. ಹುಡುಗ ತಲೆಯೆತ್ತಿ ಹಲ್ಲು ಬಿಟ್ಟು ನಕ್ಕ.)

ಮುರಳಿ: ಲಾಸ್ಟ್ ಬಂದೋನಿಗೆ ಇಷ್ಟೊಂದು ಶಿಳ್ಳೆನಾ?

ಸುನಂದ: ಇವತ್ತು ಮುಖ ಅಂತ ಕಂಡಿದ್ದು ಇವನದ್ದೊಂದೇ ರೀ. ಮಿಕ್ಕೋರದ್ದು ಬರೀ ಗಾಳಿ.

(ಮುರಳಿ ಒಂದು ಕ್ಷಣ ಹುಡುಗನನ್ನು ನೋಡಿದ. ಆಮೇಲೆ ಏನನ್ನಿಸಿತೋ, ಸ್ಕೂಟರಿನಿಂದ ಹಾರಿ, ಪಂಚೆ ಎತ್ತಿ ಕಟ್ಟಿ, ಸೈಕಲ್ಲಿನ ಪಕ್ಕದಲ್ಲೇ 'ಕಮಾನ್! ಕಮಾನ್!' ಅಂತ ಕೂಗುತ್ತ ಓಡಿದ. ಹುಡುಗ ಇಳಿಜಾರು ಹಿಡಿದು ಹೊರಟೇ ಹೋದ. ಮುರಳಿ ಮಾತ್ರ ಮೈಲಿಗಲ್ಲು ಹಿಡಿದುಕೊಂಡು ಏದುಸಿರು ಬಿಡುತ್ತ ಕುಳಿತ. ವ್ಯಾನು ಅವನ ಪಕ್ಕ ನಿಂತಿತು, ಬಾಗಿಲು ತೆರೆಯಿತು, ಒಳಗಿಂದ ಯಾರೋ ಏನೋ ಕೇಳಿದರು. ಮುರಳಿ ಎರಡೂ ಕೈ ಅಲ್ಲಾಡಿಸಿದ. ವ್ಯಾನು ಹೋಯಿತು. ಅವನು ಕುಂಟುತ್ತ ವಾಪಸು ಬಂದ.)

ಹಿದಾಯತುಲ್ಲಾ: ಏನಂತೆ ಸಾರ್?

ಮುರಳಿ: ಕೈಲಾಗದಿದ್ರೆ... ಹತ್ಕೊಳ್ಳಿ... ಅಂದ್ರು.

ಸುನಂದ: ಹತ್ಕೋಬೇಕಿತ್ತು ರೀ. ಸ್ಕೂಟರ್ ನಾನು ಓಡಿಸ್ಕೊಂಡು ನೆಮ್ಮದಿಯಾಗಿ ಬರ್ತಿದ್ದೆ.