ಮನುಷ್ಯರನ್ನು ಹಾಕದೆ ತೆಗೆದ ಸಿನಿಮಾಗಳು

ನಮ್ಮ ಶಿವಮೊಗ್ಗದಲ್ಲಿ ಯಾವ ಕಾರ್ಯಕ್ರಮ ಇಟ್ಟುಕೊಂಡರೂ ಅದು ಕೊನೆಗೆ ಸನ್ಮಾನ ಸಮಾರಂಭವೇ ಆಗಿಬಿಡುತ್ತದೆ. ರಕ್ತದಾನ ಶಿಬಿರಕ್ಕೆ ಹೋಗಿ ನೋಡಿ. ರಕ್ತ ಕೊಟ್ಟವನಿಗೆ ಬಿಸ್ಕತ್ತು, ಟೇಪು ಕತ್ತರಿಸಿದವನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ! ಇದೆಲ್ಲ ಗೊತ್ತಿದ್ದೂ ನಾವು ವಿದ್ಯಾರ್ಥಿಗಳು ಮಾಡಿದ ಕಾರ್ಟೂನ್ ಕಿರುಚಿತ್ರಗಳ ಉತ್ಸವ ಮಾಡಲು ಹೊರಟೆವು. ನಮ್ಮ ತಲೆಗೆ ಏನಾಗಿತ್ತೋ.

ಎರಡು ಸಾವಿರದ ಇಸವಿ ದಾಟಿದ ಹೊಸತು. ವಿದ್ಯಾನಗರದಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ಒಂದು ಕಂಪ್ಯೂಟರ್ ಸೆಂಟರ್. ಅಲ್ಲಿ ನಾನು ಅನಿಮೇಷನ್ ಕಲಿಸುತ್ತಿದ್ದೆ. ಅನಿಮೇಷನ್ ಅಂದರೇನು ಅಂತ ನೆಂಟರಿಷ್ಟರಿಗೆ ವಿವರಿಸುವುದು ನನ್ನ ಎರಡನೇ ಉದ್ಯೋಗವಾಗಿತ್ತು.

ಚೆಂಡು

ನಮ್ಮಲ್ಲಿ ಮೊದಲ ಪಾಠವೇ ಚೆಂಡು ಪುಟಿಸುವುದು. ಒಂದೊಂದೇ ಚಿತ್ರ ಬರೆದು ಜೋಡಿಸಿದಾಗ ಚೆಂಡು ನಿಜವಾಗಿ ನೆಲಕ್ಕೆ ಬಿದ್ದು ಎದ್ದ ಹಾಗೆ ಕಾಣಬೇಕು. ಅದು ಕೈಗೆ ಹತ್ತಲು ತಿಂಗಳುಗಟ್ಟಲೆ ಬೇಕು. ಭದ್ರಾವತಿಯ ಜನ್ನಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಇದನ್ನೇ ಮಾಡುತ್ತಾ ಕೂತಿದ್ದಾಗ ಅವಳ ಅಪ್ಪ ಹೇಳದೆ ಕೇಳದೆ ಬಂದುಬಿಟ್ಟರು. ಕಾರ್ಖಾನೆಯ ಕೆಲಸ, ಗಟ್ಟಿ ಗಂಟಲು. ಮಗಳ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು.

"ಸಾರ್, ಹೋದ ಸಲ ಬಂದಾಗಲೂ ಚೆಂಡು ಕುಣಿಸ್ತಿದ್ಲು. ಈಗಲೂ ಅದೇನಾ?"

"ಅದು ತಳಪಾಯ ಯಜಮಾನ್ರೇ."

"ನಮ್ಮ ಬೀದಿ ಮಕ್ಕಳು ಬೆಳಗಿಂದ ಸಂಜೆವರೆಗೂ ಕುಣಿಸ್ತಾರೆ. ಒಬ್ಬರೂ ಫೀಸು ಕಟ್ಟಿಲ್ಲ."

ಹುಡುಗಿಯ ಮುಖ ಸಣ್ಣಗಾಯಿತು. ಆಮೇಲೆ ಅಪ್ಪ ತೀರ್ಪು ಕೊಟ್ಟರು: "ಅದೇನೋ ಉತ್ಸವ ಮಾಡ್ತೀರಂತಲ್ಲ. ಬಂದು ಇವಳ ಪಿಕ್ಚರ್ ನೋಡ್ತೀನಿ. ಸರಿ ಅನ್ನಿಸಿದ್ರೆ ಇನ್ನೊಂದು ವರ್ಷ ಕಳಿಸ್ತೀನಿ. ಇಲ್ಲಾಂದ್ರೆ ಬಿಡಿಸ್ತೀನಿ, ಗಂಡು ನೋಡ್ತೀವಿ."

ಅವಳು ನಮ್ಮಲ್ಲಿದ್ದವರಲ್ಲೆಲ್ಲ ಚುರುಕು. ಅವರು ಹೋದ ಮೇಲೆ ನೋಡಿದರೆ ಅವಳು ಕಣ್ಣು ಒರೆಸಿಕೊಂಡು ಮತ್ತೆ ಚೆಂಡು ಕುಣಿಸುತ್ತಿದ್ದಳು.

ಬ್ಯಾನರ್

ಉತ್ಸವಕ್ಕೆ ಗಾಂಧಿ ಬಜಾರಿನ ಜವಳಿ ಅಂಗಡಿ ಸಾಹುಕಾರರು ಪ್ರಾಯೋಜಕರು. ಅವತ್ತು ಬೆಳಿಗ್ಗೆ ಸಭಾಂಗಣಕ್ಕೆ ಹೋಗಿ ನೋಡುತ್ತೇನೆ, ಪರದೆ ಇರಬೇಕಾದ ಕಡೆ ಈ ತುದಿಯಿಂದ ಆ ತುದಿವರೆಗೆ ಅವರ ಅಂಗಡಿಯ ಬ್ಯಾನರ್ ಬಿಗಿದಿದ್ದಾರೆ! ಬಿಳಿ ಬಟ್ಟೆ, ನಡುವೆ ಕೆಂಪು ಅಕ್ಷರದಲ್ಲಿ 'ಮದುವೆ ಜವಳಿಗೆ ನಮ್ಮಲ್ಲಿಗೇ ಬನ್ನಿ'.

"ಸಾಹುಕಾರ್ರೇ, ಬ್ಯಾನರ್ ಸ್ವಲ್ಪ ಪಕ್ಕಕ್ಕೆ ಹಾಕೋಣವಾ? ಪಿಕ್ಚರ್ ಬೀಳೋದು ಅಲ್ಲೇ."

"ಪಿಕ್ಚರ್ ಪಕ್ಕಕ್ಕೆ ಹಾಕಿ ಮಾರಾಯ್ರೇ. ಬ್ಯಾನರ್ ಅಳತೆ ಕೊಟ್ಟು ಬರೆಸಿದ್ದು."

ನಮ್ಮ ಸಮಿತಿಯ ಅಧ್ಯಕ್ಷರ ಮುಖ ನೋಡಿದೆ. ಅವರು ಬ್ಯಾನರಿನ ಒಂದು ಸುಕ್ಕನ್ನು ಕೈಯಾರೆ ಸರಿಮಾಡುತ್ತಿದ್ದರು.

ಎರಡು ಮಾತು

ಹುಡುಗಿಯ ಅಪ್ಪ ಅಮ್ಮ ಇಬ್ಬರೂ ಬಂದರು. ಅಪ್ಪನಿಗೆ ನೈಟ್ ಶಿಫ್ಟು. ಸಂಜೆಯ ಬಸ್ಸು ಹಿಡಿಯಲೇಬೇಕು, ಅಷ್ಟರೊಳಗೆ ಸಿನಿಮಾ ಆದರೆ ಆಯಿತು, ಇಲ್ಲದಿದ್ದರೆ ಎದ್ದು ಹೋಗುತ್ತೇನೆ ಅಂತ ಬಂದವರೇ ಹೇಳಿದರು.

ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಮತ್ತೆ ಹಾರ. ವೇದಿಕೆ ಮೇಲೆ ಕೂತವರಿಗೆಲ್ಲ ಶಾಲು ಹೊದಿಸಿದ್ದಾಯಿತು. ಸಿನಿಮಾ ಮಾಡಿದ ಮಕ್ಕಳು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು, ಅವರಿಗೆ ಕುರ್ಚಿಯೂ ಇಲ್ಲ. ಮುಖ್ಯ ಅತಿಥಿಗಳು ಎದ್ದು, "ಎರಡು ಮಾತು ಹೇಳಿ ಮುಗಿಸ್ತೀನಿ" ಅಂದರು. ಆ ಎರಡು ಮಾತು ಯಾವುವು ಅಂತ ಇವತ್ತಿಗೂ ಗೊತ್ತಾಗಿಲ್ಲ. ಸಿಂಧೂ ನಾಗರಿಕತೆಯಿಂದ ಹೊರಟವರು ಅಡಿಕೆ ಧಾರಣೆಗೆ ಬಂದರೂ ಕಾರ್ಟೂನಿಗೆ ಬರಲಿಲ್ಲ. ಹುಡುಗಿಯ ಅಪ್ಪ ಗಡಿಯಾರ ನೋಡಿಕೊಂಡು ಚಪ್ಪಲಿ ಮೆಟ್ಟಿಕೊಂಡರು. ಗೋಡೆಯ ಹತ್ತಿರ ಹುಡುಗಿ ಅಳುವುದೊಂದು ಬಾಕಿ.

ನಾನು ತಡೆಯಲಾರದೆ ವೇದಿಕೆಗೆ ಹೋಗಿ ಅತಿಥಿಗಳ ಕಿವಿಯಲ್ಲಿ, "ಸಾರ್, ನಿಮಗಿಟ್ಟಿರೋ ಕೇಸರಿಬಾತು, ಉಪ್ಪಿಟ್ಟು ಆರ್ತಾ ಇದೆ" ಅಂದೆ. ಸಮಿತಿಯವರು ಕಳಿಸಿದ ಚೀಟಿಗಳಿಗೆಲ್ಲ ಜಗ್ಗದ ಮನುಷ್ಯ ತಕ್ಷಣ ಉಪಸಂಹಾರಕ್ಕೆ ಬಂದರು.

"ಕೊನೆಯದಾಗಿ ಮಕ್ಕಳಿಗೆ ಒಂದು ಕಿವಿಮಾತು. ಗೊಂಬೆ ಬರೆದು ಸಿನಿಮಾ ಮಾಡಿದ್ದೀರಿ, ಬೇಸರ ಮಾಡ್ಕೋಬೇಡಿ. ಅನುಕೂಲ ಆದಾಗ ಮನುಷ್ಯರನ್ನೇ ಹಾಕಿ ತೆಗೀಬಹುದು!"

ಸಭೆ ಚಪ್ಪಾಳೆ ತಟ್ಟಿತು. ವೇದಿಕೆಯ ಗಣ್ಯರೆಲ್ಲ ಶಾಲು ಸಮೇತ ಊಟದ ಮನೆಗೆ ನಡೆದರು. ಒಬ್ಬರೂ ಸಿನಿಮಾಕ್ಕೆ ಕಾಯಲಿಲ್ಲ.

ಜಿಂಕೆ

ಬೇರೆ ದಾರಿಯಿಲ್ಲದೆ ಬ್ಯಾನರಿನ ಮೇಲೇ ಸಿನಿಮಾ ಬಿಟ್ಟೆವು. ಮೊದಲನೆಯದು ಕಾಡಿನ ಕಥೆ. ಬರೆದ ಹುಡುಗ ನಿದ್ದೆಗೆಟ್ಟು ಒಂದೊಂದು ಎಲೆಯನ್ನೂ ತಿದ್ದಿದ್ದ. ತಾಯಿಜಿಂಕೆ ಮರಿಯನ್ನು ಕಳೆದುಕೊಂಡು ಹುಡುಕುತ್ತಾ ಬರುತ್ತದೆ. ಬಂದು ಸರಿಯಾಗಿ ಬ್ಯಾನರಿನ ಅಕ್ಷರಗಳ ಮೇಲೆ ನಿಂತು ಕಣ್ಣೀರು ಹಾಕಿತು. ಅದರ ಹೊಟ್ಟೆಯ ಮೇಲೆ ಕೆಂಪಗೆ 'ಮದುವೆ ಜವಳಿಗೆ ನಮ್ಮಲ್ಲಿಗೇ ಬನ್ನಿ'. ಸಭೆ ಗೊಳ್ ಅಂತ ನಕ್ಕಿತು. ಹುಡುಗ ತಲೆ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟ.

ಸಾಹುಕಾರರು ಮಾತ್ರ ಊಟದ ಮನೆಯಿಂದ ಆಗತಾನೇ ಬಂದವರು ಇದನ್ನು ನೋಡಿ ಗದ್ಗದಿತರಾದರು. ಹುಡುಗನ ಬೆನ್ನು ತಟ್ಟಿ ಹೇಳಿದರು: "ನಾನು ಬರೀ ಬ್ಯಾನರ್ ಕೇಳಿದ್ದೆ ಕಣಪ್ಪಾ. ನೀನು ಕಥೆಯಲ್ಲೇ ಸೇರಿಸಿಬಿಟ್ಟಿದ್ದೀಯಲ್ಲ!"

ಹೊಟ್ಟೆ

ಎರಡನೆಯದೇ ಜನ್ನಾಪುರದ ಹುಡುಗಿಯ ಸಿನಿಮಾ. ಅವಳ ಅಪ್ಪ ಅಮ್ಮನ ಪಕ್ಕ ಹೋಗಿ ಕೂತೆ.

ಕಥೆ ಇಷ್ಟೆ. ಯಜಮಾನರೊಬ್ಬರು ಡ್ಯೂಟಿ ಮುಗಿಸಿ ಬಂದು ಟೀವಿ ಮುಂದೆ ಅಂಗಾತ ಮಲಗುತ್ತಾರೆ. ರಿಮೋಟು ಹೊಟ್ಟೆಯ ಮೇಲೆ. ಗೊರಕೆಗೆ ಸರಿಯಾಗಿ ಹೊಟ್ಟೆ ಗುಡ್ಡದ ಹಾಗೆ ಏಳುತ್ತದೆ, ಇಳಿಯುತ್ತದೆ, ರಿಮೋಟೂ ಏಳುತ್ತದೆ, ಇಳಿಯುತ್ತದೆ. ಹೆಂಡತಿ, ಮಗಳು, ಕೊನೆಗೆ ಮನೆಯ ಬೆಕ್ಕೂ ಕಳ್ಳಹೆಜ್ಜೆ ಇಟ್ಟು ಬಂದು ಚಾನೆಲ್ ಬದಲಾಯಿಸುತ್ತಾರೆ. ತಕ್ಷಣ ಗೊರಕೆ ನಿಂತು, ಕಣ್ಣು ಮುಚ್ಚಿಕೊಂಡೇ ಯಜಮಾನರ ಕೂಗು: "ಏಯ್, ಹಾಕು ಅದನ್ನ! ನೋಡ್ತಾ ಇದೀನಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಹುಡುಗಿಯ ಅಪ್ಪನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ನನ್ನ ತೊಡೆಗೆ ಬಾರಿಸಿದರು. "ಯಾರು ಸಾರ್ ಈ ಪುಣ್ಯಾತ್ಮ? ನಮ್ಮ ಬೀದಿಯಲ್ಲೂ ಒಬ್ಬ ಇದಾನೆ, ಥೇಟ್ ಹಿಂಗೇ! ಅವನ ಹೆಂಡ್ತಿ ಮಕ್ಕಳ ಗತಿ ನೋಡಿ!" ಪಕ್ಕದಲ್ಲಿ ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದರು.

ಸಿನಿಮಾ ಮುಗಿದು ಬ್ಯಾನರಿನ ಕೆಂಪು ಸಾಲಿನ ಕೆಳಗೆ ಅಕ್ಷರ ಮೂಡಿತು: 'ನಮ್ಮ ಅಪ್ಪನಿಗೆ'.

ಅಪ್ಪನ ನಗು ಅಲ್ಲಿಗೇ ನಿಂತಿತು. "ನಾನಾ?" ಅಂತ ಹೆಂಡತಿಯ ಕಡೆ ತಿರುಗಿದರು.

"ಇನ್ಯಾರು?"

ಅವರು ಎದ್ದರು. ಮುಗೀತು ಇವಳ ಓದು ಅಂದುಕೊಂಡೆ. ಹುಡುಗಿ ಗೋಡೆ ಬಿಟ್ಟು ಓಡಿ ಬಂದು ಎದುರಿಗೆ ನಿಂತಳು. ಅಪ್ಪ ಅವಳನ್ನು ನೋಡಲಿಲ್ಲ, ನನ್ನನ್ನೇ ಹಿಡಿದುಕೊಂಡರು.

"ಏನು ಸಾರ್ ಕಲಿಸಿದೀರಿ ಇವಳಿಗೆ? ಮೂಗು ಸರಿ ಇದೆ, ಮೀಸೆ ಸರಿ ಇದೆ. ಹೊಟ್ಟೆ? ನನ್ನ ಹೊಟ್ಟೆ ಅಷ್ಟಿದೆಯಾ?"

ನಾನು ಅವರ ಅಂಗಿಯ ಗುಂಡಿಗಳು ಪಡುತ್ತಿದ್ದ ಪಾಡು ನೋಡಿದೆ.

"ಇಷ್ಟಕ್ಕೇ ಬಿಡಿಸಿದ್ರೆ ನನ್ನ ಮರ್ಯಾದೆ ಹೋಗುತ್ತೆ. ಇನ್ನೊಂದು ವರ್ಷ ಕಳಿಸ್ತೀನಿ. ಹೊಟ್ಟೆ ಸರಿಯಾಗಿ ಬರೆಯೋದು ಕಲಿಸಿ!"

ಅಷ್ಟು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ದಡದಡ ನಡೆದರು. ಅವರ ಹಿಂದೆ ಹೊರಟ ಅಮ್ಮ ಒಂದು ಕ್ಷಣ ನಿಂತು, ಮೆಲ್ಲಗೆ ಹೇಳಿದರು:

"ಸಾರ್, ಅಪ್ಪ ಅಲ್ವಾ ಅಂತ ಅವಳು ಕಮ್ಮಿನೇ ಬರೆದಿದಾಳೆ."