ಎಡಕ್ಕೆ ತಿರುಗದ ಕತ್ತು

ಗಂಡನ ಕಡೆ ತಿರುಗಿಯೂ ನೋಡದವಳು ಎಂಬ ಬಿರುದು ನನಗೆ ಬಂದು ಹದಿನೈದು ದಿನವಾಗಿತ್ತು. ತಪ್ಪು ನನ್ನದಲ್ಲ, ಕತ್ತಿನದು. ಒಂದು ಬೆಳಿಗ್ಗೆ ಏಳುವಾಗ ಹಿಡಿದುಕೊಂಡ ಅದು ಬಲಕ್ಕೆ ಹೇಗೋ ತಿರುಗುತ್ತಿತ್ತು. ಎಡಕ್ಕೆ ಮಾತ್ರ ಖಡಾಖಂಡಿತವಾಗಿ ಒಲ್ಲೆ ಎನ್ನುತ್ತಿತ್ತು. ಮೇಲಕ್ಕೆತ್ತುವ ಮಾತೇ ಇಲ್ಲ. ಊಟಕ್ಕೆ ನನ್ನವರು ಕೂರುವುದು ನನ್ನ ಎಡಕ್ಕೆ. (ಉಪ್ಪು ಕಡಿಮೆಯಾದ ದಿನ ಅವರ ಮುಖ ಕಾಣದಿರುವುದು ಒಂದು ಸೌಕರ್ಯವೇ ಆಗಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.)

ಆದರೆ ಮರುದಿನ ನನ್ನ ಡ್ರೈವಿಂಗ್ ಪರೀಕ್ಷೆಯಿತ್ತು. ಕಾರನ್ನು ಹಿಂದಕ್ಕೆ ತೆಗೆಯುವಾಗ ಕಂಬ ಬೀಳಿಸಿ ಎರಡು ಸಲ ನಪಾಸಾದವಳು ನಾನು. ಹಿಂದಕ್ಕೆ ತೆಗೆಯಬೇಕೆಂದರೆ ಎಡಭುಜದ ಮೇಲಿಂದ ಹಿಂದೆ ನೋಡಬೇಕು. ಪಾಸಾದರೆ ಬೆಳಗಿನ ಹೊತ್ತು ಕಾರು ನನ್ನದೆಂದು ನನ್ನವರು ಅತ್ತೆಯ ಎದುರಿಗೇ ಮಾತು ಕೊಟ್ಟಿದ್ದರು. ದಿನವೂ ಬಸ್ಸಿನಲ್ಲಿ ನೇತಾಡಿ, ಕೆದರಿದ ತಲೆಯಲ್ಲಿ ಕಾಲೇಜು ಸೇರಿ ಪಾಠ ಮಾಡುವವಳಿಗೆ ಅದು ಸಾಮ್ರಾಜ್ಯ ಸಿಕ್ಕಂತೆ.

“ಮಸಾಜ್ ಮಾಡಿಸ್ಕೊಂಡು ಬಾ. ಹೇಳಿಟ್ಟಿದ್ದೀನಿ,” ಎಂದರು ನನ್ನವರು.

“ಬೆನ್ನು ಗುದ್ದಿಸ್ಕೊಳ್ಳೋಕೆ ದುಡ್ಡು ಬೇರೆ ಕೊಡ್ಬೇಕಾ?” ಅತ್ತೆಗೆ ಆಶ್ಚರ್ಯ. “ನಮ್ಮ ಕಾಲದಲ್ಲಿ ಮಕ್ಕಳೇ ಬೆನ್ನು ಹತ್ತಿ ತುಳಿಯೋರು, ಪುಕ್ಕಟೆ.”

ನನ್ನವರು ಫೋನು ತೆಗೆದು ಶಾಸ್ತ್ರ ಓದುವ ಗತ್ತಿನಲ್ಲಿ ಓದಿದರು. “ಪೂರ್ತಿ ಪ್ರಯೋಜನ ಸಿಗಬೇಕಾದ್ರೆ ಹೊಟ್ಟೆ ಬಿರಿಯ ತಿನ್ನಬಾರದು. ಬೇಗ ಹೋಗ್ಬೇಕು. ನೋವಾದ್ರೆ ಬಾಯಿ ಬಿಟ್ಟು ಹೇಳ್ಬೇಕು. ಮುಖ್ಯವಾಗಿ, ಏನೂ ಮಾಡದೆ ಸುಮ್ಮನೆ ಬಿದ್ದಿರಬೇಕು.”

“ಆ ಕೊನೇದು ಇವಳ ಕೈಲಿ ಆಗಲ್ಲ ಬಿಡು,” ಎಂದರು ಅತ್ತೆ. “ಅದಕ್ಕೆ ನೀನೇ ಹೋಗು. ಹುಟ್ಟಿದಾಗಿನಿಂದ ಅಭ್ಯಾಸ ಇದೆ.”

ಅತ್ತೆಯ ಮಾತು ಸುಳ್ಳಲ್ಲ. ಕೆಲಸದಾಕೆ ಬರುವ ಮೊದಲೇ ಮನೆ ಗುಡಿಸಿಟ್ಟುಕೊಳ್ಳುವ ಪೈಕಿ ನಾನು. ಆದರೂ ಕೊಟ್ಟ ದುಡ್ಡಿಗೆ ಒಂದು ಹನಿ ಎಣ್ಣೆಯೂ ವ್ಯರ್ಥವಾಗಬಾರದೆಂದು ಸಂಕಲ್ಪಿಸಿ ಹೊರಟೆ.

ಮಸಾಜಿನ ಕೋಣೆಯಲ್ಲಿ ಸಂಜೆಯಂಥ ಮಂದ ಬೆಳಕು. ಬೆಚ್ಚಗಿನ ಎಣ್ಣೆಯ ವಾಸನೆ. ಎತ್ತರದ ಹಾಸಿಗೆ, ಮುಖ ಇಡಲು ಅದರಲ್ಲೊಂದು ತೂತು. ಬೋರಲು ಮಲಗಿದರೆ ಆ ತೂತಿನಿಂದ ಜಗತ್ತೆಂದರೆ ನೆಲ ಮತ್ತು ಮಸಾಜಿನಾಕೆಯ ಚಪ್ಪಲಿ, ಅಷ್ಟೇ. ಅಲ್ಲೊಂದು ಹೇರ್‌ಪಿನ್ ಬಿದ್ದಿತ್ತು. ಮೆಲ್ಲಗೆ ಕೈ ಇಳಿಬಿಟ್ಟು ಎತ್ತಿಕೊಂಡೆ.

“ಏನ್ ಮಾಡ್ತಿದ್ದೀರಾ ಮೇಡಂ?”

“ಪಿನ್ನು. ಕಾಲಿಗೆ ಚುಚ್ಚೀತು ಅಂತ.”

“ಚುಚ್ಚಲಿ ಬಿಡಿ. ಕೈ ಸಡಿಲ ಮಾಡಿ.”

“ಮಾಡಿದ್ದೀನಲ್ಲ.”

ಆಕೆ ನನ್ನ ತೋಳನ್ನು ಎತ್ತಿ, ಹಿಡಿತ ಬಿಟ್ಟಳು. ತೋಳು ಬೀಳಲಿಲ್ಲ. ಮುಂದಿನ ಅಪ್ಪಣೆಗೆ ಕಾದು ಧ್ವಜಸ್ತಂಭದಂತೆ ಅಲ್ಲೇ ನಿಂತಿತ್ತು.

“ಇದು ಸಡಿಲ ಬಿಟ್ಟ ಕೈಯಾ ಮೇಡಂ? ಇದರ ಮೇಲೆ ಒದ್ದೆ ಟವಲ್ ಒಣಹಾಕಬಹುದು.”

ಅವಳು ಕಾಲೆತ್ತುವ ಮೊದಲೇ ನಾನೇ ಕಾಲೆತ್ತಿ ಕೊಟ್ಟೆ. ಹೆಗಲು ಹಿಡಿಯಲು ಬಂದರೆ ನಾನೇ ಹೆಗಲು ಮುಂದೊಡ್ಡಿದೆ. ಅವಳಿಗೂ ಭಾರವಾಗಬಾರದಲ್ಲ! ಕತ್ತಿನ ಗಂಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಾಗ ಕಣ್ಣಲ್ಲಿ ನೀರು ಬಂತು.

“ಜಾಸ್ತಿ ಆಯ್ತಾ?”

“ಇಲ್ಲ ಇಲ್ಲ, ಚೆನ್ನಾಗಿದೆ,” ಎಂದೆ. (ಬಡಿಸುವವರ ಮನಸ್ಸು ನೋಯಿಸಬಾರದೆಂದು ಕಲಿತು ಬೆಳೆದವಳು.) ಕಣ್ಣೀರು ತೂತಿನಿಂದ ಟಪ್ಪೆಂದು ಅವಳ ಚಪ್ಪಲಿಯ ಮೇಲೆ ಬಿತ್ತು.

ಮಸಾಜಿನಾಕೆ ಸೊಂಟದ ಮೇಲೆ ಕೈಯಿಟ್ಟುಕೊಂಡಳು. “ಮೇಡಂ, ಇಲ್ಲಿ ಇಬ್ಬರು ಕೆಲಸ ಮಾಡೋಕಾಗಲ್ಲ. ನಿಮಗೊಂದು ಕೆಲಸ ಬೇಕೇ ಬೇಕಾ? ಉಸಿರು ಒಳಗೆ ತಗೊಳ್ಳಿ, ಹೊರಗೆ ಬಿಡಿ. ಅದನ್ನ ಬೇರೆ ಯಾರೂ ನಿಮಗೆ ಮಾಡಿಕೊಡಲ್ಲ.”

ಕೊಟ್ಟ ಕೆಲಸವನ್ನು ನಾನು ಎಂದೂ ಅರ್ಧಕ್ಕೆ ಬಿಟ್ಟವಳಲ್ಲ. ಶ್ರದ್ಧೆಯಿಂದ ಉಸಿರಾಡಿದೆ. ಎಷ್ಟು ಶ್ರದ್ಧೆಯೆಂದರೆ ನನ್ನ ಗೊರಕೆಗೆ ನಾನೇ ಎಚ್ಚರಗೊಂಡೆ. ಎದ್ದು ಕೂತೆ. ಕತ್ತು ಎಡಕ್ಕೆ ತಿರುಗಿತು! ಬಲಕ್ಕೆ, ಮೇಲಕ್ಕೆ, ಕೆಳಕ್ಕೆ, ಗಾಳಿಗೆ ತೂಗುವ ಹೂವಿನಷ್ಟು ಹಗುರ.

“ಇವತ್ತು ತಲೆಯೆತ್ತಿ ಮಾಡೋ ಕೆಲಸ ಒಂದೂ ಬೇಡ,” ಎಂದಳು ಆಕೆ ಬಾಗಿಲಲ್ಲಿ. “ಬೆಚ್ಚಗಿನ ನೀರು ಕುಡಿದು ಮಲಗಿಬಿಡಿ. ಅಲ್ಲಿಗೇ ಪೂರ್ತಿ ಗುಣ.”

ಮನೆಗೆ ಬಂದು ಹೇಳಿದಂತೆಯೇ ನೀರು ಕುಡಿದೆ. ಹೇಳಿದಂತೆಯೇ ಸೋಫಾದ ಮೇಲೆ ಅಂಗಾತ ಮಲಗಿದೆ. ಹದಿನೈದು ದಿನಗಳ ಮೇಲೆ ಮೊದಲ ಬಾರಿಗೆ ಕಣ್ಣು ಸೂರಿನ ಕಡೆ ಹೋಯಿತು.

ಅಯ್ಯೋ! ನಾನು ತಲೆತಗ್ಗಿಸಿ ಬಾಳಿದ ದಿನಗಳಲ್ಲಿ ಮೇಲೆ ಜೇಡಗಳು ಒಂದು ಊರನ್ನೇ ಕಟ್ಟಿಕೊಂಡಿದ್ದವು. ಫ್ಯಾನಿನಿಂದ ಮೂಲೆಗೆ ರಸ್ತೆ, ಮೂಲೆಯಿಂದ ಕಿಟಕಿಗೆ ಸೇತುವೆ.

“ಈ ಹದಿನೈದು ದಿನ ನಾನೇ ಮನೆ ಕನ್ನಡಿ ಥರ ಇಟ್ಟಿದ್ದೀನಿ ಅಂದ್ರಲ್ಲ?” ಎಂದು ನನ್ನವರನ್ನು ಕೇಳಿದೆ.

“ನೆಲ ಕನ್ನಡಿ ಥರ ಇದೆ,” ಎಂದರು ನನ್ನವರು. “ಸೂರಿನ ಬಗ್ಗೆ ನಾನೇನೂ ಹೇಳಿರಲಿಲ್ಲ.”

“ಮಲಗೇ ಸುಮ್ಮನೆ,” ಅತ್ತೆ ಗದರಿದರು. “ಆ ಜೇಡ ಎಲ್ಲಿಗೂ ಓಡಿಹೋಗಲ್ಲ. ಪರೀಕ್ಷೆ ಮುಗಿಸ್ಕೊಂಡು ಬಾ.”

ಮಲಗಿದೆ. ಅಮ್ಮ ಮಗ ತರಕಾರಿಗೆಂದು ಹೊರಟರು. ಗೇಟಿನ ಚಿಲಕದ ಸದ್ದು ಕೇಳಿದ್ದೇ ತಡ, ಉದ್ದ ಪೊರಕೆ ನನ್ನ ಕೈಯಲ್ಲಿತ್ತು. ಒಂದೇ ಒಂದು ಎಳೆ ತೆಗೆದು ಮಲಗುವುದು ಎಂದುಕೊಂಡೆ. ಎಡಮೂಲೆಯ ಕೊನೆಯ ಎಳೆಗೆ ಕತ್ತು ತಿರುಗಿಸಿ ಪೊರಕೆ ಚಾಚಿದಾಗ ಒಳಗೆಲ್ಲೋ ಲಟಕ್ಕೆಂದಿತು.

ಕತ್ತು ಎಡಕ್ಕೆ ತಿರುಗಿತ್ತು, ಸರಿ. ಈಗ ಅಲ್ಲಿಂದ ವಾಪಸು ಬರಲೊಲ್ಲದು.

ಅಂದು ಊಟದುದ್ದಕ್ಕೂ ನನ್ನವರನ್ನೇ ನೋಡುತ್ತ ಕೂತಿದ್ದೆ. ಪಾಪ, ಅವರಿಗೆ ಒಂದು ತುತ್ತೂ ಸಲೀಸಾಗಿ ಇಳಿಯಲಿಲ್ಲ.

“ಸ್ವಲ್ಪ ಆ ಕಡೆ ನೋಡೇ.”

“ಆಗಿದ್ರೆ ನೋಡ್ತಿರಲಿಲ್ವಾ?”

ಬೆಳಿಗ್ಗೆಗೂ ಹಾಗೆಯೇ. ಪರೀಕ್ಷೆಯ ಇನ್ಸ್‌ಪೆಕ್ಟರು ನನ್ನ ಎಡಗಡೆಯ ಸೀಟಿನಲ್ಲಿ ಕೂತರು. ನಾನು ಅವರನ್ನೇ ದಿಟ್ಟಿಸುತ್ತಿದ್ದೆ. ಅವರು ಮುಜುಗರದಿಂದ ಕಾಲರ್ ಸರಿಮಾಡಿಕೊಂಡು, “ಮೊದಲು ಹಿಂದಕ್ಕೆ ತೆಗೀರಿ,” ಎಂದರು.

ಸೊಂಟ ತುಸು ತಿರುಗಿಸಿದೆ. ಕಂಬಗಳೆರಡೂ ಕಣ್ಣ ನೇರಕ್ಕೆ ಬಂದವು. ಸೂಜಿಗೆ ದಾರ ಪೋಣಿಸಿದಂತೆ ಕಾರು ಅವುಗಳ ನಡುವೆ ಹೋಗಿ ನಿಂತಿತು.

“ಭೇಷ್! ಒಂದು ಸಲವೂ ಹಿಂದಿನಿಂದ ಕಣ್ಣು ತೆಗೀಲಿಲ್ಲ ನೀವು. ಇಂಥ ಏಕಾಗ್ರತೆ ನಾನು ನೋಡೇ ಇಲ್ಲ,” ಎಂದರು ಇನ್ಸ್‌ಪೆಕ್ಟರು. “ಇನ್ನೇನು, ಗೇಟಿನ ತನಕ ಮುಂದಕ್ಕೆ ಓಡಿಸಿದ್ರೆ ಆಯ್ತು. ಹೊರಡಿ.”

ನಾನು ಅವರ ಮುಖವನ್ನೇ ನೋಡುತ್ತ ಕೇಳಿದೆ: “ಸರ್, ಗೇಟಿನ ತನಕ ಹಿಂದಕ್ಕೇ ಹೋದ್ರೆ ನಡೆಯುತ್ತಾ?”