ಕಾರಿನ ಬಾಣಂತನ

ರೋಗ ಯಾವುದೆಂದು ತಿಳಿದರೆ ಅರ್ಧ ವಾಸಿಯಾದಂತೆ ಎಂದು ನಾನು ಬಹುಕಾಲ ನಂಬಿದ್ದೆ. ನನ್ನ ಹಳೆಯ ಡೀಸೆಲ್ ಕಾರಿನ ರೋಗವನ್ನು ಕಂಡುಹಿಡಿದವನು ನಾನೇ. ಒಂದು ಸಲವಲ್ಲ, ಮೂರು ಸಲ. ಮೂರೂ ಸಲ ಬೇರೆ ಬೇರೆ ರೋಗ!

ಕೂಡ್ಲಿಗಿಯಲ್ಲಿ ನನ್ನದೊಂದು ಬಟ್ಟೆ ಅಂಗಡಿ. ಕಾರನ್ನು ಕೊಂಡದ್ದು ಬೇಸಿಗೆಯಲ್ಲಿ. ಆಗ ಕುದುರೆಯಂತೆ ಓಡುತ್ತಿತ್ತು. ನಮ್ಮ ಕಡೆಯ ಬಿಸಿಲಿಗೆ ಬೀಸುಕಲ್ಲನ್ನು ರಸ್ತೆಗಿಟ್ಟರೂ ಓಡೀತು ಎಂಬುದು ನನಗೆ ಹೊಳೆಯಲಿಲ್ಲ. ದೀಪಾವಳಿ ಕಳೆದು ಚಳಿ ಬಿದ್ದದ್ದೇ ತಡ, ಬೆಳಗ್ಗೆ ಕೀಲಿ ತಿರುಗಿಸಿದರೆ ಕಾರು ಮುದುಕನಂತೆ ಕೆಮ್ಮತೊಡಗಿತು. ಹಾಗೂ ಹೀಗೂ ಸ್ಟಾರ್ಟ್ ಆದರೆ ಓಣಿಯ ತುಂಬ ಬಿಳಿ ಹೊಗೆ. ಬಾಗಿಲು, ಕಿಟಕಿ, ಸೀಟು, ಸೀಟಿನ ಮೇಲಿನ ನಾನು, ಎಲ್ಲರೂ ಕೂಡಿ ನಡುಗುತ್ತಿದ್ದೆವು. ಬಿಸಿಲೇರಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು.

ಇಷ್ಟಾದರೂ, ಗುಡೇಕೋಟೆಯ ನನ್ನ ಅತ್ತೆಯವರನ್ನು ಕಣ್ಣಿನ ಆಪರೇಷನ್ನಿಗೆ ಹರಪನಹಳ್ಳಿಗೆ ಕರೆದೊಯ್ಯುವ ಮಾತು ಬಂದಾಗ, "ಅಳಿಯನ ಮನ್ಯಾಗ ಕಾರಿರುವಾಗ ಬಸ್ ಯಾಕ?" ಎಂದವನು ನಾನೇ. ಯಾರೂ ಒತ್ತಾಯ ಮಾಡಿರಲಿಲ್ಲ. ಅತ್ತೆಗೆ ಎರಡೂ ಕಣ್ಣಿಗೆ ಪೊರೆ. ಉಚಿತ ಶಿಬಿರಕ್ಕೆ ಡಾಕ್ಟರು ಬರುವುದು ವರ್ಷಕ್ಕೊಮ್ಮೆ. ಬೆಳಗ್ಗೆ ಹೆಸರು ಕೂಗುವಾಗ ಅಲ್ಲಿ ಇಲ್ಲದವರು ಮುಂದಿನ ವರ್ಷದ ತನಕ ಗೋಡೆ ತಡವಿಕೊಂಡೇ ಓಡಾಡಬೇಕು.

ಅತ್ತೆ ಹಿಂದಿನ ದಿನವೇ ನಮ್ಮ ಮನೆಗೆ ಬಂದು ಉಳಿದಿದ್ದರು. ಶಿಬಿರದ ದಿನ ಬೆಳಗ್ಗೆ ಕನ್ನಡಿಯ ಹತ್ತಿರ ಇಟ್ಟಿದ್ದ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿತ್ತು. ನನಗೆ ಜ್ಞಾನೋದಯವಾಯಿತು. ಕೊಬ್ಬರಿ ಎಣ್ಣೆ ಗಟ್ಟಿಯಾದರೆ ಡೀಸೆಲ್ ಗಟ್ಟಿಯಾಗದೆ ಇದ್ದೀತೆ? ಅದೂ ಎಣ್ಣೆಯೇ!

ಅಗ್ಗಿಷ್ಟಿಕೆಗೆ ಕುಳ್ಳಿನ ಕೆಂಡ ತುಂಬಿ ಇಂಜಿನ್ನಿನ ಕೆಳಗೆ ತಳ್ಳಿದೆ. ಬಾನೆಟ್ಟಿನ ಮೇಲೆ ಕಂಬಳಿ ಹೊದಿಸಿದೆ. ಕಂಬಳಿ ಅತ್ತೆಯವರದು.

ನನ್ನ ಹೆಂಡತಿ ಗಿರಿಜಾ ಹೊಸ್ತಿಲಲ್ಲಿ ನಿಂತು ನೋಡಿದಳು. "ನಂದು ಎರಡು ಹೆರಿಗಿ ಆದ್ರೂ ಇಷ್ಟು ಕಾಳಜಿ ಮಾಡಿದ್ದಿಲ್ಲ ನೀವು! ಕೆಂಡ ಆತು, ಕಂಬಳಿ ಆತು. ಕಿವಿಗೆ ಅರಿವಿ ಕಟ್ರಿ, ಸಬ್ಬಸಿಗಿ ಸಾರು ಕುಡಿಸ್ರಿ!"

ಒಳಗಿನಿಂದ ಅತ್ತೆಯವರ ದನಿ ಬಂತು: "ಕೆಂಡದ ವಾಸನಿ ಬರಾಕತ್ತೈತಿ. ಯಾರು ಹಡದಾರವಾ?"

"ಕಾರು, ಯವ್ವಾ!"

ಕೆಂಡದಿಂದ ಕಾಯಿಸಿದರೂ ಕಾರು ಕೆಮ್ಮಿ ಸುಮ್ಮನಾಯಿತು. ಆಗ ಎರಡನೆಯ ರೋಗ ಹೊಳೆಯಿತು: ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ! ಗಾಳಿ ಬಿಡಿಸಲು ಒಂದು ನಟ್ ಸಡಿಲಿಸಿದೆ. ಗಾಳಿ ಬರಲಿಲ್ಲ. ಡೀಸೆಲ್ ಬಂತು. ಕೆಳಗೆ ಕೆಂಡವಿತ್ತು.

ಭಗ್ಗೆಂದು ಎದ್ದ ಬೆಂಕಿಯನ್ನು ಪಕ್ಕದ ಮನೆಯ ಬಸಣ್ಣ ಓಡಿಬಂದು ಅದೇ ಕಂಬಳಿಯಿಂದ ಬಡಿದು ಆರಿಸಿದ. ಕಂಬಳಿ ಉಳಿಯಲಿಲ್ಲ. ದುರದೃಷ್ಟವಶಾತ್ ಕಾರು ಉಳಿಯಿತು.

ನಟ್ ಬಿಗಿದು, ಮೂರನೆಯ ರೋಗವನ್ನು ಘೋಷಿಸಿದೆ: ಬ್ಯಾಟರಿ ಸೋತಿದೆ. ಇದು ನಿಜವಾಗಿತ್ತು. ಅಷ್ಟು ಹೊತ್ತು ಕೀಲಿ ತಿರುಗಿಸಿ ತಿರುಗಿಸಿ ಅದನ್ನು ಸೋಲಿಸಿದ್ದವನು ನಾನೇ. ಬಸಣ್ಣ ನಾಲ್ಕು ಮಂದಿಯನ್ನು ಕೂಡಿಸಿ ಇಳಿಜಾರಿಗೆ ತಳ್ಳಿಸಿದ. ಕಾರು ಗುಡುಗಿತು!

"ಸಾವ್ಕಾರ್ರೇ, ಎಕ್ಸಲೇಟರ್ ಮ್ಯಾಲಿಂದ ಕಾಲು ತೆಗೀಬ್ಯಾಡ್ರಿ! ತೆಗದ್ರ ಬಂದ್ ಆಗ್ತೈತಿ!" ಎಂದು ಬಸಣ್ಣ ಕೂಗಿದ.

ನಾನು ತೆಗೆಯಲಿಲ್ಲ. ಬಸ್ ಸ್ಟ್ಯಾಂಡ್ ದಾಟಿದ ಮೇಲೆ, "ಅತ್ತಿ, ಇನ್ನ ಚಿಂತಿ ಮಾಡಬ್ಯಾಡ್ರಿ" ಎಂದು ಹಿಂದೆ ತಿರುಗಿದೆ. ಹಿಂದಿನ ಸೀಟಿನಲ್ಲಿ ರೊಟ್ಟಿಯ ಬುತ್ತಿ ಇತ್ತು. ಅತ್ತೆ ಇರಲಿಲ್ಲ.

ಸುತ್ತು ಹಾಕಿ ಮನೆ ಮುಂದೆ ಬಂದೆ. ನಿಲ್ಲಿಸುವಂತಿಲ್ಲ. "ಹತ್ರಿ ಅತ್ತಿ, ಹತ್ರಿ!" ಎಂದು ಅರಚಿದೆ. "ಬಾಗಲ ಎಲ್ಲೈತ್ಯೋ ಯಪ್ಪಾ?" ಎಂದು ಅವರು ಗಾಳಿಯಲ್ಲಿ ಕೈಯಾಡಿಸಿದರು. ಅವರ ಕೈಗೆ ಬಾಗಿಲು ಸಿಗುವಷ್ಟರಲ್ಲಿ ಬಾಗಿಲು ಬಸಣ್ಣನ ಮನೆ ದಾಟಿತ್ತು. ಎರಡನೆಯ ಸುತ್ತಿಗೆ ತಾಯಿ ಮಗಳು ಇಬ್ಬರೂ ಅಲ್ಲಿರಲಿಲ್ಲ.

"ಬಸ್ಸಿಗೆ ಹೋದ್ರು ಬಿಡ್ರಿ!" ಎಂದ ಬಸಣ್ಣ.

ಬಸ್ಸಿಗಿಂತ ಮೊದಲು ಮುಟ್ಟಿದರೆ ಮರ್ಯಾದೆ ಉಳಿದೀತೆಂದು ಬುತ್ತಿಯೊಂದಿಗೆ ಹಾಗೆಯೇ ಹೊರಟೆ. ಕೊಟ್ಟೂರು ಇನ್ನೂ ದೂರವಿರುವಾಗ, ನಾನು ಬಿಗಿದ ನಟ್ ಸಡಿಲಾಗಿ ಪೈಪಿನಲ್ಲಿ ಈಗ ನಿಜವಾಗಿಯೂ ಗಾಳಿ ಸೇರಿ, ಕಾರು ನಿಂತಿತು. ಸ್ವಲ್ಪ ಹೊತ್ತಿಗೆ ಬಸ್ಸು ನನ್ನನ್ನು ದಾಟಿ ಹೋಯಿತು. ಕಿಟಕಿಯಲ್ಲಿ ಗಿರಿಜಾ ಇದ್ದಳು. ಬಸ್ಸಿನ ಮಂದಿ ನಗುವುದನ್ನು ಕೇಳಿ, "ಯಾರವಾ ಅದು ದಾರ್ಯಾಗ?" ಎಂದು ಅತ್ತೆ ಕೇಳಿದರಂತೆ. "ಯಾರೋ, ನಮಗ ಗುರ್ತಿಲ್ಲ" ಎಂದಳಂತೆ ನನ್ನ ಧರ್ಮಪತ್ನಿ.

ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತೆ. ಅಲ್ಲಿ ಹೆಸರು ಕೂಗಿ ಮುಗಿದಿದ್ದರೆ, ನನ್ನ ಬಡಾಯಿಗಾಗಿ ಒಬ್ಬ ಹಿರಿಯ ಹೆಂಗಸು ಇನ್ನೊಂದು ವರ್ಷ ಮೊಮ್ಮಕ್ಕಳ ಮುಖವನ್ನು ಕೈಯಿಂದ ಸವರಿಯೇ ಗುರುತಿಸಬೇಕು. ಆಗ ನನಗೆ ನಗು ಬರಲಿಲ್ಲ. ಈಗಲೂ ಆ ಕಲ್ಲು ಕಂಡರೆ ಬರುವುದಿಲ್ಲ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಕಾರನ್ನು ಕೊಟ್ಟೂರಿಗೆ ಎಳೆಸಿದೆ. ಮೆಕ್ಯಾನಿಕ್ ಖಾದರ್ ಬಾನೆಟ್ ಎತ್ತಿ ಮೂಗು ಮುಚ್ಚಿಕೊಂಡ. "ಕೀಲಿ ತಿರುವಿದ ಕೂಡ್ಲೇ ಮುಂದ ಒಂದು ಹೀಟರ್ ಲೈಟ್ ಹತ್ತಬೇಕು. ಹತ್ತತಿತ್ತೇನ್ರಿ?"

"ಒಂದು ದಿನಾನೂ ಹತ್ತಿಲ್ಲ!" ಎಂದೆ ಹೆಮ್ಮೆಯಿಂದ. ಲೈಟ್ ಹತ್ತಿದರೆ ತೊಂದರೆ, ಹತ್ತದಿದ್ದರೆ ಆರೋಗ್ಯ ಎಂದೇ ನಾನು ತಿಳಿದಿದ್ದೆ.

"ಹತ್ತದಿದ್ದದ್ದೇ ರೋಗ ನೋಡ್ರಿ. ಥಂಡ್ಯಾಗ ಇಂಜಿನ್ ಕಾಸಾಕ ಒಳಗ ಹೀಟರ್ ಪ್ಲಗ್ ಇರ್ತಾವ. ಅವಕ್ಕ ಕರೆಂಟೇ ಹೋಗಿಲ್ಲ. ನೀವು ಹೊರಗಿಂದ ಕಾಸೀರಿ!"

ಶಿಬಿರದಲ್ಲಿ ಹೆಸರು ಕೂಗಿ ಮುಗಿದಿತ್ತಂತೆ. ಗಿರಿಜಾ ಅತ್ತು ಕರೆದ ಮೇಲೆ ಅತ್ತೆಯವರನ್ನು ಕೊನೆಯವರಾಗಿ ಸೇರಿಸಿಕೊಂಡರಂತೆ. ಬಲಗಣ್ಣಿನ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿದ ದಿನ, ರಿಪೇರಿಯಾದ ಕಾರನ್ನು ಒರೆಸಿ, ಅವರನ್ನು ಕರೆದುಕೊಂಡು ಬರಲು ಹೋದೆ. ಅತ್ತೆ ಕಪ್ಪು ಕನ್ನಡಕವನ್ನು ತುಸು ಎತ್ತಿ, ಸುಟ್ಟು ಕಪ್ಪಾದ ಬಂಪರಿನಿಂದ ಡಿಕ್ಕಿಯವರೆಗೆ ಕಾರನ್ನು ನಿಧಾನವಾಗಿ ನೋಡಿದರು. ಆಮೇಲೆ ನನ್ನನ್ನು, ತಲೆಯಿಂದ ಕಾಲಿನವರೆಗೆ, ಅಷ್ಟೇ ನಿಧಾನವಾಗಿ ನೋಡಿದರು. ನಂತರ ಮಗಳ ಕಡೆ ತಿರುಗಿ, ನನಗೆ ಸ್ಪಷ್ಟವಾಗಿ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಈ ಕಾರು ತರುವಾಗ ನೋಡಾಕ ನನಗ ಕಣ್ಣಿದ್ದಿಲ್ಲ, ಬಿಡವಾ. ಆದ್ರ ನಿನ್ನ ಕೊಡುವಾಗ ಎರಡೂ ಕಣ್ಣು ಚಲೋ ಇದ್ವಲ್ಲ!"